ಸರಕಾರದ ಹಣವು ಪಹಣಿಗೋ, ನೇಗಿಲಿಗೋ?

೨೦೨೦ನೆಯ ಇಸವಿಯ ಜನವರಿ ೨ನೆಯ ತಾರೀಖಿನಂದು ಹಿಂದುಸ್ಥಾನದ ಒಕ್ಕಲು ಮಕ್ಕಳೆಲ್ಲರ ದೃಷ್ಟಿಯು ನಮ್ಮ ತುಮಕೂರಿನ ಕಡೆಗೆ ತಿರುಗಿತ್ತು. ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ಅಂದು ಆ ಪಟ್ಟಣದಲ್ಲಿ ನಿಂತು, ದೇಶದ ಸುಮಾರು ೬ ಕೋಟಿ ರೈತರ ಬ್ಯಾಂಕು ಖಾತೆಗಳಿಗೆ ತಲಾ ೨,೦೦೦ ರೂಪಾಯಿಯ ಕಂತನ್ನು ಬಿಡುಗಡೆ ಮಾಡಿದರು. ಒಟ್ಟು ಮೊತ್ತವು ೧೨,೦೦೦ ಕೋಟಿ. ತುಮಕೂರಿನಿಂದ ಹೊರಟ ಆ ಹಣವು ಕ್ಷಣಾರ್ಧದಲ್ಲಿ ಗಂಗೆಯ ದಡವನ್ನೂ ಮುಟ್ಟಿತು. ಆದರೆ ಅದೇ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನೇಗಿಲು ಹಿಡಿದ ಪ್ರತಿಯೊಬ್ಬನ ಬಾಗಿಲನ್ನು ಅದು ತಟ್ಟಿತೇ? ತಟ್ಟದೆ ಹೋಗಿದ್ದರೆ ದೋಷವು ಹಣದ್ದೋ, ಹಣ ನಡೆಯುವ ದಾರಿಯದೋ? ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಉಪವಿಭಾಗವೆನಿಸುವವು. ಸೀಮೆಯ ಸ್ಥಿತಿಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ವರ್ಷದ ಬಹುಕಾಲ ಮರಳಿನ ಹಾದಿಯಾಗಿಯೇ ಇರುವದು. ಕೆರೆಗಳುಂಟು, ಕೋಡಿ ಬೀಳುವ ವರ್ಷಗಳು ಮಾತ್ರ ಎಣಿಕೆಯವು. ನಮ್ಮ ಉತ್ತರ ಭಾಗದವರು ಶೇಂಗಾ ಎಂದು ಕರೆಯುವ ಕಡಲೆಕಾಯಿಯೂ, ರಾಗಿಯೂ, ತೊಗರಿಯೂ ಇಲ್ಲಿಯ ಮಳೆಯಾಶ್ರಯದ ಬೆಳೆಗಳು. ಬಿತ್ತುವಾಗ ಒಂದು ಹದ ಮಳೆ ಬಂದು, ಹೂವು ಊಡು ಇಳಿಯುವಾಗ ಇನ್ನೊಂದು ಬಾರದೆ ಹೋದರೆ ಬೀಜದ ದುಡ್ಡೂ ಮಣ್ಣುಪಾಲು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಅಳಿದುಹೋಯಿತೆಂಬ ಸಂಗತಿಯನ್ನು ಇಂಥ ಒಣ ಸೀಮೆಯವರು ಮರೆಯುವಂತಿಲ್ಲ. ಇಂದು ಹಸಿವಿನಿಂದ ಸಾಯುವ ಕಾಲವು ಹೋಗಿದೆ ನಿಜ. ಆದರೆ ಬೆಳೆ ಹೋದ ವರ್ಷ ಬೆಂಗಳೂರಿನ ಬಸ್ಸು ಹತ್ತುವ ಕಾಲವು ಬಂದಿದೆ.

ನಮ್ಮ ಅಜ್ಜಂದಿರು ಬಲ್ಲ ಸರಕಾರದ ನೆರವೆಂದರೆ ತಕಾವಿ. ಬೀಜಕ್ಕೋ, ಎತ್ತಿಗೋ, ಬಾವಿಗೋ ಸಾಲ ಕೊಟ್ಟು, ಕಂದಾಯದಂತೆ ವಸೂಲು ಮಾಡುವ ಪದ್ಧತಿಯದು. ಇಂದಿನ ನೆರವು ಸಾಲವಲ್ಲ, ನೇರವಾದ ಕೊಡುಗೆ. ಕೇಂದ್ರ ಸರಕಾರವು ೨೦೧೯ರ ಫೆಬ್ರುವರಿ ೨೪ರಂದು ಆರಂಭಿಸಿದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಿಂದ ವರ್ಷಕ್ಕೆ ೬,೦೦೦ ರೂಪಾಯಿ ಮೂರು ಕಂತುಗಳಲ್ಲಿ ಬರುವದು. ಮೊದಲು ೨ ಹೆಕ್ಟೇರಿನೊಳಗಿನ ಹಿಡುವಳಿದಾರರಿಗೆ ಮಾತ್ರವಿದ್ದ ಇದು ಅದೇ ವರ್ಷ ಎಲ್ಲ ಹಿಡುವಳಿದಾರ ಕುಟುಂಬಗಳಿಗೂ ವಿಸ್ತಾರವಾಯಿತು. ಕರ್ನಾಟಕ ಸರಕಾರವು ೨೦೧೯ರಲ್ಲಿ ತನ್ನ ಪಾಲಿನ ೪,೦೦೦ ರೂಪಾಯಿಯನ್ನು ಇದಕ್ಕೆ ಕೂಡಿಸಿತು. ೨೦೨೩ರಲ್ಲಿ ಆ ಕೂಡಿಕೆಯು ನಿಂತುಹೋಯಿತು. ಇದಲ್ಲದೆ ೨೦೧೬ರಿಂದ ನಡೆದಿರುವ ಫಸಲ್ ಬಿಮಾ, ಬೆಳೆ ಹೋದಾಗಿನ ಪರಿಹಾರ, ೨೦೧೪ರಲ್ಲಿ ಬಂದ ಕೃಷಿಭಾಗ್ಯದ ಹೊಂಡಗಳು, ಹನಿ ನೀರಾವರಿಯ ಸಹಾಯಧನ, ಸಿರಿಧಾನ್ಯ ಬೆಳೆಯುವವನಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿಯ ರೈತಸಿರಿ, ಹೀಗೆ ಹೆಸರುಗಳಿಗೆ ಕೊರತೆಯಿಲ್ಲ.

ಮೊತ್ತದ ಯೋಗ್ಯತೆಯನ್ನು ಮೊದಲು ಅಳೆಯೋಣ. ವರ್ಷಕ್ಕೆ ೬,೦೦೦ವೆಂದರೆ ಒಂದು ಕುಟುಂಬಕ್ಕೆ ದಿನಕ್ಕೆ ೧೬ ರೂಪಾಯಿ ಚಿಲ್ಲರೆ. ೨೦೧೯ರಲ್ಲಿ ಗೊತ್ತುಮಾಡಿದ ಈ ಅಂಕಿಯು ೨೦೨೫ರ ಕಂತುಗಳಲ್ಲಿಯೂ ಅಷ್ಟೇ ಇತ್ತು. ಗೊಬ್ಬರ, ಡೀಸೆಲ್, ಕೂಲಿಗಳ ದರವು ಮಾತ್ರ ಅಷ್ಟೇ ಇರಲಿಲ್ಲ. ಮಳೆಯಾಶ್ರಯದ ಬೆಳೆಯು ನಾಶವಾದರೆ ವಿಪತ್ತು ಪರಿಹಾರದ ಕೇಂದ್ರ ನಿಯಮದಂತೆ ಹೆಕ್ಟೇರಿಗೆ ೮,೫೦೦ ರೂಪಾಯಿ, ಅದೂ ೨ ಹೆಕ್ಟೇರಿನ ವರೆಗೆ ಮಾತ್ರ. ಎಕರೆಯ ಲೆಕ್ಕದಲ್ಲಿ ಇದು ಸುಮಾರು ೩,೪೦೦ ರೂಪಾಯಿ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಐದು ಗ್ರಾಮಗಳಲ್ಲಿ ಹೆಚ್ಚುಕಡಿಮೆ ೧೩,೦೦೦ ಎಕರೆಗಳ ಮೇಲೆ ೨,೦೫೦ ಮೆಗಾವಾಟಿನ ಸೂರ್ಯಶಕ್ತಿಯ ಕ್ಷೇತ್ರವು ೨೦೧೯ರ ಕೊನೆಗೆ ಪೂರ್ಣವಾಗಿ ನಿಂತಿತು. ಅಲ್ಲಿಯ ರೈತನು ಭೂಮಿಯನ್ನು ಮಾರಲಿಲ್ಲ, ಗೇಣಿಗೆ ಕೊಟ್ಟನು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಂತೆ ಏರಿಕೆ, ಎಂಬದು ಆ ಗೇಣಿಯ ಕರಾರು. ವಾಚಕರು ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಲಿ. ಪಾವಗಡದ ಬಿಸಿಲನ್ನು ಹಿಡಿದು ಮಾರಿದರೆ ಎಕರೆಗೆ ೨೧,೦೦೦. ಅದೇ ಬಿಸಿಲಿಗೆ ಬೆಳೆ ಸುಟ್ಟುಹೋದರೆ ೩,೪೦೦!

ಈ ಸೂರ್ಯಕ್ಷೇತ್ರದಲ್ಲಿ ನಾವು ಕಲಿಯಬೇಕಾದ ಇನ್ನೊಂದು ಪಾಠವುಂಟು. ಗೇಣಿಯು ಖಾತೆದಾರನಿಗೆ ಬಂದಿತು. ಆ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ, ಕುರಿ ಮೇಯಿಸಿ ಬದುಕುತ್ತಿದ್ದ ಭೂಮಿಯಿಲ್ಲದವನಿಗೆ ಖಾತೆಯೂ ಇಲ್ಲ, ಗೇಣಿಯೂ ಇಲ್ಲ. ಹಣವು ಕಾಗದವನ್ನು ಹುಡುಕಿಕೊಂಡು ಹೋಗುವದೇ ಹೊರತು ಕೈಯನ್ನು ಹುಡುಕುವದಿಲ್ಲ. ಸರಕಾರದ ಸಹಾಯಧನದ ರೋಗವೂ ಇದೇ ಎಂಬದು ನಮ್ಮ ಅಭಿಪ್ರಾಯ.

ರೋಗದ ಮೊದಲನೆಯ ಲಕ್ಷಣವು ಪಹಣಿಯಲ್ಲಿಯೇ ಕಾಣುವದು. ಇಂದು ಕರ್ನಾಟಕದಲ್ಲಿ ರೈತನಿಗೆ ಫ್ರೂಟ್ಸ್ ಎಂಬ ಗಣಕ ದಫ್ತರದಲ್ಲಿ ಒಂದು ಸಂಖ್ಯೆ ಇರಬೇಕು. ಆ ಸಂಖ್ಯೆಗೆ ಪಹಣಿಯೂ ಆಧಾರವೂ ಬ್ಯಾಂಕು ಖಾತೆಯೂ ಹೊಂದಿಕೊಂಡಿರಬೇಕು. ಈ ಏರ್ಪಾಡನ್ನು ನಾವು ಹಳಿಯುವದಿಲ್ಲ. ನಡುವಿನ ದಲ್ಲಾಳಿಯ ಕೈಯನ್ನು ಇದು ಬಹುಮಟ್ಟಿಗೆ ಕಡಿದಿದೆ. ಆದರೆ ಪಹಣಿಯಲ್ಲಿ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ಸತ್ತುಹೋದ ಅಜ್ಜನ ಹೆಸರೇ ಇದೆ. ಮಕ್ಕಳು ಬಾಯಿಮಾತಿನಲ್ಲಿ ಬದು ಹಾಕಿಕೊಂಡರು. ಮೊಮ್ಮಕ್ಕಳು ಅದನ್ನೇ ಉಳುತ್ತ ಬಂದರು. ಪೌತಿ ಖಾತೆ ಮಾಡಿಸಲು ಮರಣದ ದಾಖಲೆ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಇಷ್ಟೆಲ್ಲ ಬೇಕು. ಅಕ್ಕತಂಗಿಯರಲ್ಲಿ ಒಬ್ಬಳು ದೂರದ ಊರಿನಲ್ಲಿದ್ದರೆ, ದಾಯಾದಿಗಳಲ್ಲಿ ಒಬ್ಬನು ಮುನಿದಿದ್ದರೆ, ಕಾಗದವು ಅಲ್ಲಿಗೇ ನಿಂತಿತು. ಸತ್ತವನಿಗೆ ಸಮ್ಮಾನ ನಿಧಿಯು ಸಲ್ಲುವದಿಲ್ಲ, ಬದುಕಿದವನ ಹೆಸರು ಪಹಣಿಯಲ್ಲಿಲ್ಲ. ಗಂಡನನ್ನು ಕಳೆದುಕೊಂಡು ತಾನೇ ಬೇಸಾಯ ನಡೆಸುವ ಹೆಂಗಸಿನ ಗತಿಯಂತೂ ಇನ್ನೂ ಕಷ್ಟದ್ದು. ೨೦೧೯ರ ಫೆಬ್ರುವರಿ ೧ರ ತರುವಾಯ ಭೂಮಿಯನ್ನು ಕೊಂಡವರಿಗೆ ನಿಧಿಯ ನಿಯಮವು ತಡೆ ಹಾಕಿತಾದರೂ, ಖಾತೆದಾರನ ಮರಣದಿಂದ ವಾರಸುದಾರರಾದವರಿಗೆ ಆ ತಡೆಯನ್ನು ಹಾಕಲಿಲ್ಲ. ಬಾಗಿಲು ತೆರೆದೇ ಇದೆ, ಬೀಗದ ಕೈ ಮಾತ್ರ ಕಚೇರಿಯ ಕಟ್ಟಿನಲ್ಲಿ ಸಿಕ್ಕಿಕೊಂಡಿದೆ.

ಎರಡನೆಯ ಲಕ್ಷಣವು ಇದಕ್ಕಿಂತ ಆಳವಾದದ್ದು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು, ಶ್ರೀ ದೇವರಾಜ ಅರಸರ ಕಾಲದಲ್ಲಿ, ಉಳುವವನನ್ನು ಭೂಮಿಗೆ ಒಡೆಯನನ್ನಾಗಿ ಮಾಡಿತು. ಗೇಣಿಯನ್ನು ಕಾಯದೆಯಿಂದ ತೊಡೆದುಹಾಕಿತು. ಅದು ಈ ನಾಡಿನ ಹೆಮ್ಮೆಯ ಕಾರ್ಯವೆಂಬದರಲ್ಲಿ ಎರಡು ಮಾತಿಲ್ಲ. ಆದರೆ ಕಾಯದೆಯಿಂದ ಹೋದ ಗೇಣಿಯು ಹೊಲದಿಂದ ಹೋಗಲಿಲ್ಲ. ಮಕ್ಕಳು ಪಟ್ಟಣ ಸೇರಿದ ಮನೆಯವರು ಭೂಮಿಯನ್ನು ನೆರೆಯವನಿಗೆ ವಾರಕ್ಕೆ ಬಿಟ್ಟರು. ೨೦೨೦ರ ತಿದ್ದುಪಡಿಯಿಂದ ಒಕ್ಕಲುತನ ಮಾಡದವರೂ ಬೇಸಾಯದ ಭೂಮಿಯನ್ನು ಕೊಳ್ಳುವದಕ್ಕೆ ದಾರಿಯಾದ ಮೇಲೆ, ಒಡೆಯನೊಂದು ಊರಿನಲ್ಲಿ, ಭೂಮಿಯೊಂದು ಊರಿನಲ್ಲಿ ಎಂಬ ಸ್ಥಿತಿಯು ಇನ್ನಷ್ಟು ಸುಲಭವಾಯಿತು. ಆದರೆ ವಾರದ ಕರಾರಿಗೆ ಕಾಗದವಿಲ್ಲ. ಕಾಗದ ಮಾಡಿದರೆ ಭೂಮಿಯು ಕೈಬಿಡುವದೆಂದು ಒಡೆಯನಿಗೆ ಅಂಜಿಕೆ. ಕಾಗದ ಕೇಳಿದರೆ ವಾರವೇ ತಪ್ಪುವದೆಂದು ಉಳುವವನಿಗೆ ಅಂಜಿಕೆ.

ಮಿಡಿಗೇಶಿ ಹೋಬಳಿಯಲ್ಲಿ ಇಂಥ ಒಬ್ಬ ರೈತನಿರುವನೆಂದು ವಾಚಕರು ಕಲ್ಪಿಸಿಕೊಳ್ಳಲಿ. ಅವನಿಗೆ ಅಜ್ಜನ ಹೆಸರಿನಲ್ಲಿರುವ ಮೂರು ಎಕರೆ. ಬೆಂಗಳೂರಿನಲ್ಲಿರುವ ಒಬ್ಬರ ನಾಲ್ಕು ಎಕರೆ ವಾರಕ್ಕೆ. ಏಳೂ ಎಕರೆಗೆ ಬೀಜ ಇವನದು, ಗೊಬ್ಬರ ಇವನದು, ಬೆವರು ಇವನ ಹೆಂಡತಿಮಕ್ಕಳದು. ಮಳೆ ಕೈಕೊಟ್ಟಿತು. ವಾರದ ನಾಲ್ಕು ಎಕರೆಗೆ ನಿಯಮದಂತೆ ೧೩,೦೦೦ಕ್ಕೂ ಮಿಕ್ಕಿದ ಪರಿಹಾರವು ಸಲ್ಲುವದು, ಸಲ್ಲುವದು ಮಾತ್ರ ಖಾತೆದಾರನಿಗೆ. ಖಾತೆದಾರನು ಆದಾಯ ತೆರಿಗೆ ಕೊಡುವವನಾಗಿದ್ದರೆ ಸಮ್ಮಾನ ನಿಧಿಯು ಅವನಿಗೆ ಬಾರದು. ಆಗ ಆ ಭೂಮಿಯ ಹೆಸರಿನಲ್ಲಿ ಅದು ಯಾರಿಗೂ ಇಲ್ಲ. ಮೂರು ಎಕರೆಯದು ಅಜ್ಜನ ಹೆಸರಿನಲ್ಲಿ ನಿಂತಿತು. ಹೀಗೆ ಏಳು ಎಕರೆ ಬಿತ್ತಿ ಏಳು ಎಕರೆ ಕಳೆದುಕೊಂಡವನು ಸರಕಾರದ ಲೆಕ್ಕದಲ್ಲಿ ರೈತನೇ ಅಲ್ಲ! ೨೦೨೩ರ ಬರದಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯವು ೧೮,೦೦೦ ಕೋಟಿಗೂ ಮಿಕ್ಕಿದ ನೆರವನ್ನು ಕೇಳಿ, ೨೦೨೪ರ ಮಾರ್ಚಿಯಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಏಪ್ರಿಲಿನಲ್ಲಿ ಕೇಂದ್ರದಿಂದ ೩,೪೫೪ ಕೋಟಿ ಬಂದಿತು. ದಿಲ್ಲಿಗೂ ಬೆಂಗಳೂರಿಗೂ ಕೋಟಿಗಳ ವಾದವು ನಡೆದಿತ್ತು. ಮಿಡಿಗೇಶಿಯ ಈ ರೈತನ ಹೆಸರು ಆ ಎರಡೂ ಕಡೆಯ ಲೆಕ್ಕದಲ್ಲಿ ಇರಲಿಲ್ಲ.

ವಿಮೆಯಾದರೂ ಇವನನ್ನು ಕಾಯುವದೋ? ಮುಂಗಾರಿನ ಕಡಲೆಕಾಯಿಗೆ ರೈತನು ವಿಮೆಯ ಮೊತ್ತದಲ್ಲಿ ನೂರಕ್ಕೆ ೨ರಷ್ಟು ಕಂತು ಕಟ್ಟಿದರೆ ಸಾಕು, ಉಳಿದದ್ದನ್ನು ಸರಕಾರಗಳು ಕಟ್ಟುವವು. ಇದು ಒಳ್ಳೆಯ ಏರ್ಪಾಡು. ಆದರೆ ನಷ್ಟವನ್ನು ಅಳೆಯುವದು ಒಬ್ಬನ ಹೊಲದಲ್ಲಿ ಅಲ್ಲ; ಮುಖ್ಯ ಬೆಳೆಗಾದರೆ ಗ್ರಾಮ ಪಂಚಾಯತಿಗೆ, ಉಳಿದವಕ್ಕೆ ಹೋಬಳಿಗೆ ಒಟ್ಟಾಗಿ. ಒಂದು ಹಳ್ಳಿಗೆ ಮೋಡ ಕರಗಿ ಮುಂದಿನ ಹಳ್ಳಿಗೆ ಹನಿಯೂ ಬೀಳದ ಈ ಸೀಮೆಯಲ್ಲಿ, ಒಣಗಿದವನು ನೆನೆದವನ ಸರಾಸರಿಯಲ್ಲಿ ಮುಳುಗಿಹೋಗುವನು. ಇನ್ನೂ ಸೂಕ್ಷ್ಮವಾದ ದೋಷವೊಂದುಂಟು. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯ ಮೇಲೆ ಪರಿಹಾರದ ಗಡಿಯನ್ನು ಗೊತ್ತುಮಾಡುವರು. ಬರವು ಎಂದೋ ಬರುವ ಅತಿಥಿಯಾದ ಸೀಮೆಗೆ ಇದು ಸರಿ. ಬರವೇ ಮನೆಯ ಮಗನಾಗಿ ಕುಳಿತ ಸೀಮೆಯಲ್ಲಿ ಉತ್ತಮ ವರ್ಷವೆಂಬದೂ ಬಡವರ್ಷವೇ. ಸರಾಸರಿಯು ಕುಗ್ಗುವದು, ಗಡಿಯು ಇಳಿಯುವದು. ಬೆಳೆ ಹೋದಾಗಲೂ ಲೆಕ್ಕದ ಪ್ರಕಾರ ಹೋಗಿಲ್ಲವೆಂದು ಉತ್ತರವು ಬರುವದು.

ಈಗ ಗಡಿಯಾಚೆಗೆ ಒಂದು ನೋಟವನ್ನು ಹಾಯಿಸೋಣ. ಪಾವಗಡವು ಹಿಂದೆ ಮದ್ರಾಸು ಪ್ರಾಂತದ ಅನಂತಪುರ ಜಿಲ್ಲೆಯ ಹೊಟ್ಟೆಯೊಳಗೆ ಚಾಚಿದ್ದ ಮೈಸೂರಿನ ತುಂಡು. ಇಂದಿಗೂ ಅದರ ಬಹುಭಾಗವನ್ನು ಆಂಧ್ರವೇ ಸುತ್ತುವರಿದಿದೆ. ಶಿರಾ ಮಧುಗಿರಿಗಳಿಗೆ ತಾಗಿರುವ ಮಡಕಶಿರಾ ಸೀಮೆಯು ೧೯೫೬ರ ಏಕೀಕರಣದ ತರುವಾಯವೂ ಆಂಧ್ರದಲ್ಲಿಯೇ ಉಳಿಯಿತು. ಅಲ್ಲಿ ಕನ್ನಡವನ್ನಾಡುವ ಮನೆಗಳು ಬಹಳ. ಒಂದೇ ಮಣ್ಣು, ಒಂದೇ ಮೋಡ, ಒಂದೇ ಕಡಲೆಕಾಯಿ, ಸಂಬಂಧವೂ ಬೀಗತನವೂ ಅತ್ತಿಂದಿತ್ತ. ಆದರೆ ಆಂಧ್ರವು ೨೦೧೯ರ ಅಕ್ಟೋಬರದಲ್ಲಿ ರೈತು ಭರೋಸಾ ಎಂಬ ಹೆಸರಿನಿಂದ ಕೇಂದ್ರದ ೬,೦೦೦ ಕೂಡಿ ವರ್ಷಕ್ಕೆ ೧೩,೫೦೦ ರೂಪಾಯಿಯನ್ನು ಕೊಡಹತ್ತಿತು. ೨೦೨೫ರ ಆಗಸ್ಟಿನಲ್ಲಿ ಆರಂಭವಾದ ಅನ್ನದಾತ ಸುಖೀಭವದಲ್ಲಿ ಕೇಂದ್ರದ ಪಾಲು ಕೂಡಿ ೨೦,೦೦೦ವೆಂದು ಗೊತ್ತುಮಾಡಿತು. ಮೊತ್ತಕ್ಕಿಂತ ಮಹತ್ವದ್ದು ಇನ್ನೊಂದು ಸಂಗತಿ. ೨೦೧೯ರಲ್ಲಿಯೇ ಆ ರಾಜ್ಯವು ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯದೆಯನ್ನು ಮಾಡಿ, ೧೧ ತಿಂಗಳ ಮಟ್ಟಿಗೆ ಉಳುವವನ ಕೈಗೆ ಒಂದು ಪತ್ರವನ್ನು ಕೊಟ್ಟಿತು. ಭೂಮಿಯ ಒಡೆತನಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಬೆಳೆಸಾಲಕ್ಕೂ ವಿಮೆಗೂ ಸಹಾಯಧನಕ್ಕೂ ಮಾತ್ರ ಅದು ಆಧಾರ. ಒಡೆಯನ ಒಪ್ಪಿಗೆಯ ಸಹಿ ಬೇಕೆಂಬ ತೊಡಕು ಅಲ್ಲಿಯೂ ಉಂಟು. ಎಲ್ಲರಿಗೂ ಪತ್ರವು ಸಿಕ್ಕಿತೆಂದು ನಾವು ಹೇಳುವದಿಲ್ಲ. ಆದರೂ ಉಳುವವನೊಬ್ಬನು ಇದ್ದಾನೆಂದು ಕಾಯದೆಯು ಕಣ್ಣು ತೆರೆದು ಒಪ್ಪಿತು. ಉಳುವವನೇ ಒಡೆಯನೆಂದು ೧೯೭೪ರಲ್ಲಿ ಸಾರಿದ ಕರ್ನಾಟಕವು ಅಷ್ಟನ್ನೂ ಒಪ್ಪದೆ ಇರುವದು ವಿಪರೀತವಲ್ಲವೇ?

ರೈತನಿಗೆ ಪುಕ್ಕಟೆ ಹಣ ಕೊಟ್ಟರೆ ಅವನು ಮೈಗಳ್ಳನಾಗುವನು, ಬೊಕ್ಕಸವು ಬರಿದಾಗುವದು, ಎಂದು ಪಟ್ಟಣದ ಕೆಲವು ಮಹನೀಯರು ಆಕ್ಷೇಪಿಸುವದುಂಟು. ದಿನಕ್ಕೆ ೧೬ ರೂಪಾಯಿಯಿಂದ ಮೈಗಳ್ಳನಾದವನನ್ನು ನಾವಂತೂ ಕಂಡಿಲ್ಲ. ಈ ದೇಶವು ತನ್ನ ಅಡಿಗೆಯ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವದು. ಪಟ್ಟಣದ ಅಡಿಗೆಮನೆಗೆ ಎಣ್ಣೆ ಅಗ್ಗವಾಗಲೆಂದು ಆಮದಿನ ಸುಂಕವನ್ನು ಇಳಿಸಿದಾಗ, ಶಿರಾ ಪಾವಗಡಗಳ ಕಡಲೆಕಾಯಿಯ ಧಾರಣೆಯೂ ಅದರ ಹೊಡೆತವನ್ನು ತಿನ್ನಬೇಕಾಗುವದು. ಪಟ್ಟಣಕ್ಕಾದ ಲಾಭದಲ್ಲಿ ಒಂದು ಅಂಶವು ಹಳ್ಳಿಗೆ ಹಿಂತಿರುಗಿದರೆ ಅದು ದಾನವಲ್ಲ, ಸಾಲದ ತೀರುವಳಿ. ಆದರೆ ಆಕ್ಷೇಪಕರ ಮಾತಿನಲ್ಲಿ ಸತ್ಯದ ಒಂದು ಕಣವಿದೆ. ಎಕರೆಯನ್ನು ನೋಡಿ ಹಣ ಕೊಟ್ಟಲ್ಲೆಲ್ಲ ದೊಡ್ಡವನೇ ಉಣ್ಣುವನು. ಐರೋಪ್ಯ ಒಕ್ಕೂಟದ ನೇರ ಸಹಾಯಧನದಲ್ಲಿ ನೂರಕ್ಕೆ ೮೦ರಷ್ಟು ಹಣವು ನೂರಕ್ಕೆ ೨೦ರಷ್ಟು ಹಿಡುವಳಿದಾರರಿಗೆ ಸೇರಿತೆಂದು ಅಲ್ಲಿಯವರೇ ಬಹುಕಾಲದಿಂದ ಕೊರಗುತ್ತಿರುವರು. ತೆಲಂಗಾಣವು ೨೦೧೮ರಲ್ಲಿ ಎಕರೆಗಿಷ್ಟೆಂದು ಕೊಡತೊಡಗಿದಾಗ ಗೇಣಿಯ ರೈತನು ಹೊರಗುಳಿದನು. ಅದೇ ಸುಮಾರಿನಲ್ಲಿ ಒಡಿಶಾವು ಕಾಲಿಯಾ ಎಂಬ ಯೋಜನೆಯಲ್ಲಿ ಪಾಲಿಗೆ ಉಳುವವನನ್ನೂ ಭೂಮಿಯಿಲ್ಲದವನನ್ನೂ ಒಳಗೆ ಕರೆಯಿತು. ಎರಡೂ ದಾರಿಗಳು ನಮ್ಮ ಕಣ್ಣೆದುರಿಗೇ ಇವೆ.

ಆದುದರಿಂದ ಸರಕಾರಕ್ಕೆ ನಮ್ಮ ಸೂಚನೆಗಳು ನಾಲ್ಕು. ಮೊದಲನೆಯದಾಗಿ, ಈ ಉಪವಿಭಾಗದ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಬೇಸಗೆಯ ಬಿಡುವಿನಲ್ಲಿ ಪೌತಿ ಖಾತೆಯ ಕಲಾಪವನ್ನು ನಡೆಸಬೇಕು. ರೈತನು ಕಚೇರಿಗೆ ಅಲೆಯುವದರ ಬದಲು ಗ್ರಾಮದ ಆಡಳಿತಾಧಿಕಾರಿಯು ದಫ್ತರದೊಡನೆ ಊರಿಗೆ ಬಂದು ಕುಳಿತು, ಊರವರ ಎದುರಿಗೆ ವಾರಸು ಗೊತ್ತುಮಾಡಲಿ. ಎರಡನೆಯದಾಗಿ, ಒಡೆತನಕ್ಕೆ ಧಕ್ಕೆಯಿಲ್ಲದಂಥ ಸಾಗುವಳಿ ಪತ್ರವನ್ನು ಕಾಯದೆಯಿಂದ ತರಬೇಕು. ಒಡೆಯನು ಸಹಿ ಕೊಡದಿದ್ದರೆ ಗ್ರಾಮಸಭೆಯ ಸಾಕ್ಷಿಯೇ ಸಾಕೆಂದಾಗಬೇಕು. ಬೆಳೆ ಸಮೀಕ್ಷೆಯಲ್ಲಿ ಪ್ರತಿ ಹಂಗಾಮಿನಲ್ಲಿಯೂ ಹೊಲ ಹೊಲದ ಬೆಳೆಯನ್ನು ಬರೆದುಕೊಳ್ಳುವ ಸರಕಾರಕ್ಕೆ, ಬೆಳೆಸಿದವನ ಹೆಸರನ್ನು ಬರೆದುಕೊಳ್ಳುವದು ಅಸಾಧ್ಯವೇ? ಮೂರನೆಯದಾಗಿ, ಬರಕ್ಕೆ ಪದೇಪದೇ ತುತ್ತಾಗುವ ತಾಲ್ಲೂಕುಗಳಿಗೆ ವಿಮೆಯ ಗಡಿಯನ್ನು ಬೇರೆ ರೀತಿಯಲ್ಲಿ ಕಟ್ಟಬೇಕು. ನಾಲ್ಕನೆಯದಾಗಿ, ಯಾರಿಗೆ ಎಷ್ಟು ಬಂದಿತೆಂಬ ಪಟ್ಟಿಯು ಗಣಕದಲ್ಲಿದ್ದರೆ ಸಾಲದು. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಹಣ ಬಂದ ಸುದ್ದಿಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಮೊಬೈಲಿಗೆ ಬರುವದೂ, ರೈತನು ಅದನ್ನು ಓದಿಸಲು ಇನ್ನೊಬ್ಬನ ಬಳಿಗೆ ಹೋಗುವದೂ ಕನ್ನಡ ನಾಡಿಗೆ ಶೋಭಿಸುವ ಮಾತಲ್ಲ.

ಸರಕಾರದ ಮಾತಾಯಿತು, ಇನ್ನು ನಮ್ಮ ಮಾತು. ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ಉಪಾಧ್ಯಾಯರು, ಪಟ್ಟಣದ ವಿದ್ಯಾವಂತರು. ತಮಗೆ ಬರುವ ಸಂಬಳಕ್ಕೂ ಈ ಪಹಣಿಗೂ ಏನು ಸಂಬಂಧವೆಂದು ಅವರು ಕೇಳಬಾರದು. ಒಂದು ಊರಿನಲ್ಲಿ ಎಷ್ಟು ಪಹಣಿಗಳು ಸತ್ತವರ ಹೆಸರಿನಲ್ಲಿವೆ ಎಂಬದು ಬೆಂಗಳೂರಿನ ಮಂತ್ರಿಗೆ ತಿಳಿಯುವದಕ್ಕಿಂತ ಮುಂಚೆ ಆ ಊರಿನ ಶಾಲೆಯ ಮಾಸ್ತರರಿಗೆ ತಿಳಿದಿರುವದು. ಆಧಾರದಲ್ಲಿ ಒಂದು ಅಕ್ಷರ, ಪಹಣಿಯಲ್ಲಿ ಇನ್ನೊಂದು ಅಕ್ಷರವಾಗಿ ಎಷ್ಟು ಕಂತುಗಳು ನಿಂತಿವೆಯೆಂಬದು, ಕಾಪಿ ತಿದ್ದುವ ಅವರ ಕಣ್ಣಿಗೆ ಒಂದು ನಿಮಿಷದಲ್ಲಿ ಕಾಣುವದು. ಬೆರಳಿನ ಗೆರೆ ಸವೆದು ಯಂತ್ರವು ಗುರುತು ಹಿಡಿಯದ ಮುದುಕನಿಗೆ, ಮುಖ ತೋರಿಸಿಯೂ ಗುರುತು ಕೊಡಬಹುದೆಂದು ಹೇಳುವವರು ಯಾರು? ಸ್ವಂತದ ಭೂಮಿಯನ್ನು ವಾರಕ್ಕೆ ಬಿಟ್ಟು ಪಟ್ಟಣದಲ್ಲಿರುವ ವಾಚಕರೂ ನಮ್ಮಲ್ಲಿ ಕೆಲವರಿರುವರು. ಕಾಯದೆಯು ಬರುವ ವರೆಗೆ ಕಾಯದೆ, ತಮ್ಮ ಖಾತೆಗೆ ಬಂದ ಬೆಳೆ ಪರಿಹಾರವನ್ನು ಬೆಳೆ ಕಳೆದುಕೊಂಡವನ ಕೈಗೆ ಅವರು ಕೊಟ್ಟರೆ ಅದನ್ನು ತಡೆಯುವ ಕಾನೂನು ಯಾವದೂ ಇಲ್ಲ.

ವಾರಕ್ಕೊಂದು ಸಂಜೆ, ಶಾಲೆಯ ಜಗಲಿಯ ಮೇಲೆ, ಒಂದು ತಾಸು. ಪಹಣಿ, ಆಧಾರ, ಬ್ಯಾಂಕು ಪುಸ್ತಕ, ಈ ಮೂರನ್ನು ತರಹೇಳಿ ಮೂರರ ಹೆಸರನ್ನೂ ತಾಳೆ ನೋಡುವದು. ತಪ್ಪಿದ್ದಲ್ಲಿ ಒಂದು ಅರ್ಜಿಯನ್ನು ಶುದ್ಧ ಕನ್ನಡದಲ್ಲಿ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ನಾಡಕಚೇರಿಗೋ ಕಳಿಸುವದು. ಇಷ್ಟೇ ಕೆಲಸ. ಇದಕ್ಕೆ ಸಭೆ ಬೇಡ, ಹಾರ ಬೇಡ, ಅಧ್ಯಕ್ಷರ ಭಾಷಣ ಬೇಡ. ಕನ್ನಡಿಗರು ಒಂದೇ ಆಡಳಿತದ ಕೆಳಗೆ ಬರಬೇಕೆಂದು ಹಿರಿಯರು ದುಡಿದದ್ದು, ಆ ಆಡಳಿತವು ಕಡೆಯ ಹಳ್ಳಿಯ ಕಡೆಯ ಮನೆಯ ಮಾತನ್ನು ಕೇಳಲೆಂದಲ್ಲವೇ? ನಾಗಲಮಡಿಕೆಯ ಒಕ್ಕಲಿನವನು ತನ್ನ ಅಜ್ಜನ ಹೆಸರನ್ನು ಪಹಣಿಯಿಂದ ಇಳಿಸಿ ತನ್ನ ಹೆಸರನ್ನು ಏರಿಸಿಕೊಂಡ ದಿನ ಆ ದುಡಿಮೆಯು ಅವನ ಮನೆಯ ವರೆಗೆ ಬಂದಂತಾಗುವದು. ಮುಂದಿನ ಮುಂಗಾರಿಗೆ ಇನ್ನೂ ಸಮಯವಿದೆ. ಅರ್ಜಿಗಳನ್ನು ಈಗಲೇ ಬರೆಯಲಾರಂಭಿಸೋಣ.